ತೊಗಲುಕಟ್ಟಿನ ಬೈಬಲ್ಲೂ ತಂಗಡಿಯ ತೊಗಟೆಯೂ

ನಮ್ಮ ಗಡಿನಾಡಿನ ಒಣನೆಲದಲ್ಲಿ ಬೆಳೆದವರಾರಿಗೂ ತಂಗಡಿ ಗಿಡವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ರಾಯದುರ್ಗ, ಮಡಕಶಿರಗಳ ಬಯಲಿನಲ್ಲಿ ದಾರಿಯ ಎರಡು ಮಗ್ಗುಲಿಗೂ ಹಳದಿ ಹೂ ತಳೆದು ನಿಲ್ಲುವ ಈ ಗಿಡಕ್ಕೆ ಕನ್ನಡದಲ್ಲಿ ಆವರಿಕೆ ಎಂಬ ಹೆಸರೂ ಉಂಟು. ಹೊಸೂರಿನ ತಮಿಳರು ಇದನ್ನು ಆವಾರಂ ಎನ್ನುತ್ತಾರೆ. ಆದವಾನಿಯ ತೆಲುಗರು ತಂಗೇಡು ಎನ್ನುತ್ತಾರೆ. ಸೊಲ್ಲಾಪುರ, ಜತ್ತಗಳ ಮರಾಠಿಗರಿಗೆ ಇದು ತರವಡ. ತೆಲಂಗಾಣದ ಹೆಣ್ಣುಮಕ್ಕಳು ಬತುಕಮ್ಮನನ್ನು ಕಟ್ಟುವುದು ಇದರ ಹೂಗಳಿಂದಲೇ. 2014ರಲ್ಲಿ ಆ ರಾಜ್ಯವು ಇದನ್ನು ತನ್ನ ರಾಜ್ಯಪುಷ್ಪವೆಂದು ಸಾರಿತು. ಇಂತಹ ಗಿಡದ ತೊಗಟೆಗೂ ಇಂಗ್ಲೆಂಡಿನಲ್ಲಿ ಕಟ್ಟಿದ ಅಗ್ಗದ ತೊಗಲಿನ ಪುಸ್ತಕಗಳಿಗೂ ಒಂದು ಕಾಲದಲ್ಲಿ ನಂಟು ಬೆಳೆದಿತ್ತು. ಆ ನಂಟು 1901ರಲ್ಲಿ ಲಂಡನ್ನಿನ ಒಂದು ಸಮಿತಿಯ ಮುಂದೆ ಆಪಾದನೆಯ ರೂಪದಲ್ಲಿ ಬಂದು ನಿಂತಿತು. ಆ ಆಪಾದನೆ ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಒಳ್ಳೆಯ ತೊಗಲುಕಟ್ಟಿನ ಬೈಬಲ್ ಎಂದರೆ ಯಾವುದು, ಅದನ್ನು ಹಿಂದಿನವರು ಹೇಗೆ ಆರಿಸಿಕೊಳ್ಳುತ್ತಿದ್ದರು ಎಂಬಲ್ಲಿಂದಲೇ ಹೊರಡಬೇಕಾಗುತ್ತದೆ.

ಪುಸ್ತಕ ಕಟ್ಟುವವನ ಕೈಚಳಕವನ್ನು ಪರೀಕ್ಷಿಸಲು ಬೈಬಲ್ಲಿಗಿಂತ ಕಠಿಣವಾದ ಗ್ರಂಥ ಇನ್ನೊಂದಿಲ್ಲವೆನ್ನಬಹುದು. ಅದು ಒಂದು ಪುಸ್ತಕವಲ್ಲ, ಪುಸ್ತಕಗಳ ಒಂದು ಕಟ್ಟು. ಪ್ರಾಟೆಸ್ಟಂಟರ ಗಣನೆಯಂತೆ 66 ಭಾಗಗಳು. ಸಣ್ಣಕ್ಷರದಲ್ಲಿ ಅಚ್ಚು ಹಾಕಿದರೂ ಸಾವಿರ ಪುಟ ಮೀರುವುದು ಸಾಮಾನ್ಯ. ಕಾದಂಬರಿಯನ್ನು ಒಂದು ಸಲ ಓದಿ ಇಟ್ಟುಬಿಡುತ್ತೇವೆ. ಬೈಬಲ್ಲನ್ನು ಭಕ್ತನು ದಿನವೂ ತೆರೆಯುತ್ತಾನೆ, ಈ ದಿನ ಮೊದಲಲ್ಲಿ, ನಾಳೆ ಕೊನೆಯಲ್ಲಿ, ನಾಡಿದ್ದು ನಡುಮಧ್ಯದ ಕೀರ್ತನೆಗಳಲ್ಲಿ. ಕಂಕುಳಲ್ಲಿ ಇಟ್ಟುಕೊಂಡು ದೇವಾಲಯಕ್ಕೆ ಹೋಗುತ್ತಾನೆ. ಮಳೆ, ಬೆವರು ಎರಡೂ ತಗಲುತ್ತವೆ. ತಂದೆಯ ಪ್ರತಿ ಮಗನಿಗೆ, ಮಗನದು ಮೊಮ್ಮಗನಿಗೆ ಸಲ್ಲಬೇಕೆಂಬ ಆಸೆ ಬೇರೆ. ಆದಕಾರಣ ತೊಗಲು, ದಾರ, ಕಾಗದ ಈ ಮೂರರಲ್ಲಿ ಯಾವುದೊಂದು ಹುಸಿಯಾದರೂ ಬೈಬಲ್ಲಿನಲ್ಲಿ ಅದು ಬೇಗನೆ ಬಯಲಾಗುತ್ತದೆ.

ಹುಸಿಯಾಗದೆ ಉಳಿದುದಕ್ಕೆ ಒಂದು ದೊಡ್ಡ ಸಾಕ್ಷಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದು ಪೂರ್ಣ ಬೈಬಲ್ಲಲ್ಲ. ಯೋಹಾನನ ಸುವಾರ್ತೆಯೊಂದೇ ಇರುವ, ಅಂಗೈಗಿಂತ ಕೊಂಚ ದೊಡ್ಡದಾದ ಲ್ಯಾಟಿನ್ ಹಸ್ತಪ್ರತಿ. ಇಂಗ್ಲೆಂಡಿನ ಉತ್ತರಭಾಗದ ವೇರ್‌ಮತ್-ಜ್ಯಾರೋ ಎಂಬ ಮಠದಲ್ಲಿ ಎಂಟನೆಯ ಶತಮಾನದ ಆರಂಭದಲ್ಲಿ ಸಿದ್ಧವಾದುದು. 687ರಲ್ಲಿ ತೀರಿಕೊಂಡ ಕತ್‌ಬರ್ಟ್ ಎಂಬ ಸಂತನ ಶವಪೆಟ್ಟಿಗೆಯಲ್ಲಿ ಅದನ್ನು ಇಟ್ಟಿದ್ದರು. 1104ರಲ್ಲಿ ಡರ್‌ಹ್ಯಾಮ್ ನಗರದಲ್ಲಿ ಪೆಟ್ಟಿಗೆಯನ್ನು ತೆರೆದಾಗ ಪುಸ್ತಕ ಹೊರಬಂದಿತು. ತೆಳುವಾದ ಮರದ ಹಲಗೆಗಳ ಮೇಲೆ ಕೆಂಪು ಆಡಿನ ತೊಗಲು. ಅದರ ಮೇಲೆ ಉಬ್ಬಿಸಿದ ಬಳ್ಳಿ. ಯುರೋಪಿನಲ್ಲಿ ತನ್ನ ಮೊದಲ ಕಟ್ಟು ಕೆಡದೆ ಹಾಗೆಯೇ ಉಳಿದಿರುವ ಅತ್ಯಂತ ಹಳೆಯ ಪುಸ್ತಕ ಇದೇ ಎನ್ನುತ್ತಾರೆ. 2012ರಲ್ಲಿ ಇದನ್ನು 90 ಲಕ್ಷ ಪೌಂಡು ಕೊಟ್ಟು ಕೊಂಡರು. ಹಾಳೆಗಳನ್ನು ಒಂದರೊಡನೊಂದು ದಾರದಿಂದಲೇ ಕೋದಿರುವ ಇದರ ಹೊಲಿಗೆಯ ಕ್ರಮ ಈಜಿಪ್ತದ ಕಾಪ್ಟಿಕ್ ಕ್ರೈಸ್ತರದು. ಹದಿಮೂರು ಶತಮಾನಗಳ ತರುವಾಯವೂ ಆ ತೊಗಲು ಪುಡಿಯಾಗಿಲ್ಲ ಎಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು; ಅದರಿಂದ ಮುಂದೆ ಪ್ರಯೋಜನವಿದೆ.

ಮುದ್ರಣ ಬಂದ ಮೇಲೂ ಕಟ್ಟಿಸುವ ಹೊಣೆ ಬಹುಕಾಲ ಕೊಳ್ಳುವವನ ಮೇಲೆಯೇ ಇತ್ತು. ಮೈಂಜ್ ನಗರದಲ್ಲಿ ಗುಟೆನ್‌ಬರ್ಗನು ಸುಮಾರು 1455ರಲ್ಲಿ ಅಚ್ಚು ಹಾಕಿ ಮುಗಿಸಿದ ಬೈಬಲ್ಲು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ವಸ್ತುವಾಗಿರಲಿಲ್ಲ. ಸುಮಾರು 180 ಪ್ರತಿಗಳು; ಕೆಲವು ಚರ್ಮಪತ್ರದ ಮೇಲೆ, ಹೆಚ್ಚಿನವು ಕಾಗದದ ಮೇಲೆ. ಕೊಂಡವನಿಗೆ ದೊರೆಯುತ್ತಿದ್ದುದು ಬಿಡಿ ಹಾಳೆಗಳ ಹೊರೆ. ಅದಕ್ಕೆ ಕೆಂಪು ನೀಲಿ ಅಕ್ಷರ ಬರೆಸುವುದು, ಹೊಲಿಸುವುದು, ಹಲಗೆ ಹಾಕಿಸಿ ತೊಗಲು ಹೊದಿಸುವುದು ಎಲ್ಲವೂ ಅವನ ಪಾಲಿನ ಖರ್ಚು, ಅವನ ಪಾಲಿನ ಆಯ್ಕೆ. ಮೈಂಜಿನ ಒಂದು ದೇವಾಲಯದ ಹೈನ್‌ರಿಖ್ ಕ್ರೇಮರ್ ಎಂಬ ಪಾದ್ರಿ ಒಂದು ಪ್ರತಿಯ ಎರಡು ಸಂಪುಟಗಳನ್ನು ತಾನೇ ಬಣ್ಣ ಬರೆದು ಕಟ್ಟಿ, 1456ರ ಆಗಸ್ಟ್ ತಿಂಗಳಲ್ಲಿ ಮುಗಿಸಿದೆನೆಂದು ಅದರಲ್ಲೇ ಗುರುತು ಹಾಕಿದ್ದಾನೆ. ಆ ಪ್ರತಿ ಪ್ಯಾರಿಸ್ಸಿನಲ್ಲಿದೆ. ಗುಟೆನ್‌ಬರ್ಗನ ಬೈಬಲ್ಲಿನಲ್ಲಿ ಅಚ್ಚಿನ ತಾರೀಖು ಎಲ್ಲಿಯೂ ಇಲ್ಲ. ಅದು 1456ರ ಆಗಸ್ಟ್ ತಿಂಗಳಿಗೆ ಮುಂಚಿನದೆಂದು ನಮಗೆ ಖಚಿತವಾಗಿ ತಿಳಿದುಬರುವುದು ಕಟ್ಟಿದವನ ಈ ಎರಡು ಸಾಲಿನ ಬರಹದಿಂದ. ಬೈಂಡು ಹಾಕುವವರ ಕುಲಕ್ಕೆ ಇದು ಹೆಮ್ಮೆಯ ಮಾತು.

ಯಾವ ನಾಡಿನವರು ಯಾವ ತೊಗಲನ್ನು ಬಳಸಿದರೆಂಬುದಕ್ಕೆ ಆಯಾ ನಾಡಿನ ದನಕರುಗಳೇ ಕಾರಣ. ಜರ್ಮನರು ಬಿಳಿಯ ಹಂದಿತೊಗಲನ್ನು ಮೆಚ್ಚಿದರು. ಆಂಗ್ಲರು ಕರುವಿನ ನುಣುಪು ತೊಗಲಿಗೆ ಒಗ್ಗಿದರು. ಆದರೆ ಶ್ರೀಮಂತರು ಬಯಸುತ್ತಿದ್ದುದು ಹೊರಗಿನಿಂದ ಬರುತ್ತಿದ್ದ ಆಡಿನ ತೊಗಲನ್ನು. ಅದಕ್ಕೆ ಮೊರಾಕ್ಕೊ ಎಂಬ ಹೆಸರು ನಿಂತಿತು. ಹೆಸರು ಮೊರಾಕ್ಕೊ ದೇಶದ್ದಾದರೂ ಬಹಳಷ್ಟು ತೊಗಲು ಅಲ್ಲಿನದಲ್ಲ. ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ಇಂದಿನ ನೈಜೀರಿಯದ ಉತ್ತರಭಾಗದಲ್ಲಿರುವ ಕಾನೋ, ಸೊಕೊಟೊ ಮುಂತಾದ ಹೌಸಾ ಪಟ್ಟಣಗಳಲ್ಲಿ ಹದಗೊಂಡು, ಒಂಟೆಗಳ ಬೆನ್ನೇರಿ ಕಡಲತೀರಕ್ಕೆ ಬಂದು ಅಲ್ಲಿನ ಹೆಸರಿನಿಂದ ಮಾರಾಟವಾಗುತ್ತಿತ್ತು. ಹೌಸಾ ಜನ ಹದಮಾಡಲು ಬಳಸುತ್ತಿದ್ದುದು ಬಗರುವಾ ಎಂಬ ಮರದ ಕಾಯಿಯನ್ನು. ಆ ಮರ ಬೇರೆ ಯಾವುದೂ ಅಲ್ಲ, ನಮ್ಮ ಹೊಲದ ಬದುಗಳಲ್ಲಿ ನಿಲ್ಲುವ ಕರಿಜಾಲಿಯ ಜಾತಿಯೇ. ಆ ತೊಗಲು ಬಾಳಿಕೆಗೆ ಹೆಸರಾಯಿತು.

ಇಂಗ್ಲೆಂಡಿನಲ್ಲಿ 1611ರಲ್ಲಿ ಜೇಮ್ಸ್ ದೊರೆಯ ಹೆಸರಿನ ಬೈಬಲ್ಲು ಹೊರಟಾಗ ಬಿಡಿ ಹಾಳೆಗಳಲ್ಲಿ ಅದರ ಬೆಲೆ 10 ಷಿಲಿಂಗು, ಕಟ್ಟಿದ್ದಕ್ಕೆ 12 ಷಿಲಿಂಗು. ಆ ಎರಡು ಷಿಲಿಂಗಿನ ಅಂತರದಲ್ಲಿ ಬೈಂಡಿನ ಇತಿಹಾಸವೆಲ್ಲ ಅಡಗಿದೆ. ಇದ್ದವರು ಹೆಚ್ಚು ತೆತ್ತು ಮೊರಾಕ್ಕೊ ಹೊದಿಸಿ ಚಿನ್ನದ ಹೂ ಒತ್ತಿಸಿದರು. ಸಾಮಾನ್ಯರು ಕರುವಿನ ತೊಗಲಿಗೋ ಕುರಿತೊಗಲಿಗೋ ತೃಪ್ತರಾದರು. ಮನೆಯ ದೊಡ್ಡ ಬೈಬಲ್ಲಿನ ಖಾಲಿ ಹಾಳೆಗಳಲ್ಲಿ ಮದುವೆ, ಜನನ, ಮರಣಗಳನ್ನು ಬರೆದಿಡುವ ರೂಢಿ ಬಲವಾಯಿತು. ನಮ್ಮಲ್ಲಿ ಹಳೆಯ ಪಂಚಾಂಗದ ಅಂಚಿನಲ್ಲಿ ಮಕ್ಕಳು ಹುಟ್ಟಿದ ಗಳಿಗೆ ಬರೆದಿಡುತ್ತಿದ್ದುದನ್ನು ಇದಕ್ಕೆ ಹೋಲಿಸಬಹುದು. ಅಂತಹ ಪುಸ್ತಕದ ಕಟ್ಟು ಬಿಚ್ಚಿದರೆ ಮನೆತನದ ದಾಖಲೆಯೇ ಚದುರಿಹೋದಂತೆ.

1804ರಲ್ಲಿ ಬ್ರಿಟಿಷ್ ಮತ್ತು ವಿದೇಶ ಬೈಬಲ್ ಸಂಘ ಸ್ಥಾಪನೆಯಾದ ಮೇಲೆ ಸಂಗತಿ ಬೇರೆಯಾಯಿತು. ಬಡವನಿಗೂ ಕೈಗೆಟಕುವ ಬೆಲೆಯಲ್ಲಿ ಬೈಬಲ್ಲು ದೊರೆಯಬೇಕೆಂಬುದು ಸಂಘದ ಸಂಕಲ್ಪ. ಸಂಕಲ್ಪ ದೊಡ್ಡದೇ. ಆದರೆ ಬೆಲೆ ಇಳಿಯಬೇಕಾದರೆ ಎಲ್ಲಿಯೋ ಒಂದು ಕಡೆ ಯಾರೋ ಒಬ್ಬರು ಅದನ್ನು ಹೊರಬೇಕು. ಹಾಳೆ ಮಡಿಸುವುದು, ಹೊಲಿಯುವುದು ಲಂಡನ್ನಿನಲ್ಲಿ ಹೆಣ್ಣಾಳುಗಳ ಕೆಲಸವಾಗಿತ್ತು. ಅವರ ಕೂಲಿ ಇಳಿಯುತ್ತ ಹೋದುದರಿಂದ 1849ರಲ್ಲಿ ಬೈಬಲ್ ಕಟ್ಟುವ ಒಂದು ಕಾರ್ಖಾನೆಯಲ್ಲಿ ವ್ಯಾಜ್ಯವೆದ್ದಿತು. ಬೈಂಡಿನ ಕಾರ್ಮಿಕರು ಹೆಂಗಸರ ಪಕ್ಷ ವಹಿಸಿ, ಅಗ್ಗದ ಬೈಬಲ್ಲಿನ ವಿಷಯವಾಗಿ ಬೈಬಲ್ ಸಂಘಗಳಿಗೆ ಬಹಿರಂಗ ಮನವಿಯನ್ನು ಅಚ್ಚುಹಾಕಿಸಿ ಹಂಚಿದರು. ಧರ್ಮಗ್ರಂಥದ ಬೆಲೆಯನ್ನು ಹೊಲಿಯುವವಳ ಹೊಟ್ಟೆಯಿಂದ ಕಡಿಯಬಹುದೇ ಎಂಬ ಪ್ರಶ್ನೆ ಅಂದು ಎದ್ದುದು ಚಿಕ್ಕ ಸಂಗತಿಯೇನಲ್ಲ.

ಇನ್ನು ಹೆಸರುಗಳ ಮಾತು. ಬೈಬಲ್ಲಿನ ವ್ಯಾಪಾರದಲ್ಲಿ ಹೆಸರನ್ನು ನಂಬಿ ಆರಿಸಿದವನು ಮೋಸ ಹೋದುದೇ ಹೆಚ್ಚು. 'ಇಂಡಿಯಾ ಕಾಗದ' ಎಂಬುದನ್ನೇ ನೋಡಿ. 1841ರಲ್ಲಿ ಆಕ್ಸ್‌ಫರ್ಡಿನ ಪದವೀಧರನೊಬ್ಬನು ಪೂರ್ವದೇಶದಿಂದ ಅತ್ಯಂತ ತೆಳುವಾದ, ಆದರೂ ಬೆಳಕು ಹಾಯಗೊಡದ ಒಂದಿಷ್ಟು ಕಾಗದವನ್ನು ತಂದು ಅಲ್ಲಿನ ವಿಶ್ವವಿದ್ಯಾಲಯದ ಮುದ್ರಣಾಲಯಕ್ಕೆ ಕೊಟ್ಟನು. ಅದರಲ್ಲಿ 24 ಸಣ್ಣ ಬೈಬಲ್ಲುಗಳು ಅಚ್ಚಾದವು. ದಪ್ಪ ವಾಡಿಕೆಯ ಮೂರನೆಯ ಒಂದು ಪಾಲು. ಅಂತಹ ಕಾಗದವನ್ನು ಆಕ್ಸ್‌ಫರ್ಡಿನಲ್ಲಿಯೇ ಮಾಡಲು ಬಹುಕಾಲ ಹೆಣಗಿ, 1875ರಲ್ಲಿ ಗೆದ್ದು ಬೈಬಲ್ಲನ್ನು ಹೊರತಂದರು. ಭಾರಿ ಗ್ರಂಥ ಜೇಬಿಗಿಳಿದದ್ದು ಆ ಕಾಗದದಿಂದ. ಹೆಸರು ಮಾತ್ರ ಇಂಡಿಯಾ, ಕಾಗದ ನಮ್ಮದಲ್ಲ. ಪೂರ್ವದಿಂದ ಬಂದದ್ದನ್ನೆಲ್ಲ ಇಂಡಿಯಾ ಎನ್ನುವುದು ಅಲ್ಲಿನವರ ಹಳೆಯ ಚಾಳಿ. ಇನ್ನು 'ಯಾಪ್' ಕಟ್ಟು: ಮೆತ್ತನೆಯ ತೊಗಲಿನ ಅಂಚು ಹಾಳೆಗಳಾಚೆ ಬಾಗಿ ಅವನ್ನು ಕಾಯುವ ಕ್ರಮಕ್ಕೆ, ಜೇಬಿನ ಬೈಬಲ್ಲುಗಳಿಗಾಗಿ ಅದನ್ನು ಮಾಡಿಸಿದ ಲಂಡನ್ನಿನ ಒಬ್ಬ ಪುಸ್ತಕ ವ್ಯಾಪಾರಿಯ ಹೆಸರು ಅಂಟಿತು. ಇದೊಂದು ಹೆಸರು ಪ್ರಾಮಾಣಿಕವಾದುದು. 'ಫ್ರೆಂಚ್ ಮೊರಾಕ್ಕೊ' ಎಂಬುದೋ, ಹೆಸರಿನಲ್ಲಿ ಎರಡು ದೇಶಗಳಿದ್ದರೂ ನಿಜವಾದ ಮೊರಾಕ್ಕೊ ತೊಗಲಲ್ಲ. ಅಗ್ಗದ ತೊಗಲಿನ ಮೇಲೆ ಆಡಿನ ತೊಗಲಿನ ಹರಳನ್ನು ಒತ್ತಿ ಮಾಡಿದ ವೇಷ.

ಈ ಸಾಲಿನಲ್ಲಿಯೇ ನಮ್ಮ ಕಥೆಯ ನಾಯಕನಾದ 'ಪರ್ಷಿಯನ್' ತೊಗಲು ಬರುತ್ತದೆ. ಪರ್ಷಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಮದರಾಸಿನ ಬಂದರಿನಿಂದ ಹಡಗು ಹತ್ತುತ್ತಿದ್ದ ನಮ್ಮ ಕುರಿ ಆಡುಗಳ ಹದಮಾಡಿದ ತೊಗಲು. ಇಂಡಿಯಾ ಎಂಬ ಹೆಸರಿನ ಕಾಗದ ಇಂಡಿಯಾದ್ದಲ್ಲ, ಇಂಡಿಯಾದ ತೊಗಲಿಗೆ ಇಂಡಿಯಾದ ಹೆಸರಿಲ್ಲ! ಒಂದೇ ಬೈಬಲ್ಲಿನಲ್ಲಿ ಈ ಎರಡೂ ಕೂಡಿಬಂದಿದ್ದರೆ ಆ ಪುಸ್ತಕದ ಭೂಗೋಳಪಾಠವನ್ನು ನಾವು ಮಕ್ಕಳಿಗೆ ಹೇಳಿಕೊಡುವುದು ಕಷ್ಟವೇ ಸರಿ.

ಅದನ್ನು ಹದಮಾಡುತ್ತಿದ್ದ ಬಗೆ ನಮ್ಮ ಹಿರಿಯರಿಗೆ ತಿಳಿದುದೇ. ಹಸಿ ತೊಗಲನ್ನು ನೀರಿನಲ್ಲಿ ನೆನೆಹಾಕಿ, ಸುಣ್ಣದ ತೊಟ್ಟಿಯಲ್ಲಿ ಇಳಿಬಿಟ್ಟು ಕೂದಲು ಸಡಿಲಿಸಿ, ಕೂದಲನ್ನೂ ಒಳಮಾಂಸವನ್ನೂ ಕೆರೆದು ತೆಗೆಯಬೇಕು. ಸುಣ್ಣ ತೊಳೆದ ಮೇಲೆ ಜಜ್ಜಿದ ತಂಗಡಿ ತೊಗಟೆಯ ಒಗರು ನೀರಿನಲ್ಲಿ ದಿನಗಟ್ಟಲೆ ಅದ್ದಿ, ಆಗಾಗ ತಿರುವಿ, ಕೊನೆಗೆ ಅಳಲೆಕಾಯಿಯ ನೀರು ಕುಡಿಸಿ, ಎಣ್ಣೆ ಸವರಿ ನೆರಳಿಗೆ ಹಾಕಬೇಕು. ತಂಗಡಿಯ ಗುಣವೆಂದರೆ ಅದು ಬೇಗ ಹಿಡಿಯುತ್ತದೆ, ತೊಗಲು ಮೆತ್ತಗೆ, ತಿಳಿಬಣ್ಣಕ್ಕೆ ಬರುತ್ತದೆ. ಅಂಬೂರು, ವಾಣಿಯಂಬಾಡಿ, ರಾಣಿಪೇಟೆಗಳಲ್ಲಿ ಮುಸಲ್ಮಾನ ವರ್ತಕರು ಈ ಉದ್ಯಮವನ್ನು ದೊಡ್ಡದಾಗಿ ಬೆಳೆಸಿದರು. ಇಂಗ್ಲೆಂಡಿನವರು ತೊಗಟೆಗೆ ಇಟ್ಟುಕೊಂಡ 'ಟರ್ವಾರ್' ಎಂಬ ಹೆಸರು ನಮ್ಮ ಜತ್ತದವರ ತರವಡವೇ ಅಲ್ಲದೆ ಮತ್ತೇನೂ ಅಲ್ಲ. ತೊಗಲನ್ನು ಮುಟ್ಟಿ ಹದಮಾಡಿದ ಕೈಗಳು ಮಾತ್ರ ಮಾದಿಗರವು, ಸಮಗಾರರವು, ಢೋರರವು. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ಡೋಹರ ಕಕ್ಕಯ್ಯನನ್ನು ಶರಣರ ಸಾಲಿನಲ್ಲಿ ಕೂರಿಸಿದ ನಾಡು ನಮ್ಮದು. ಆದರೂ ಆತನ ಕಸುಬಿನವರನ್ನು ಊರಿನ ಹೊರಗೆ ಇರಿಸಿದ ನಾಡೂ ನಮ್ಮದೇ. ಅವರ ಕೈಯಿಂದ ಹೊರಟ ತೊಗಲು ಕಡಲಾಚೆ ದೇವರ ವಾಕ್ಯಕ್ಕೆ ಹೊದಿಕೆಯಾಯಿತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಪುಸ್ತಕಾಲಯಗಳಲ್ಲಿ ಒಂದು ವಿಚಿತ್ರ ರೋಗ ಹೆಚ್ಚಿತು. ಹೊಸದಾಗಿ ಕಟ್ಟಿಸಿದ ಪುಸ್ತಕಗಳ ಬೆನ್ನು ಇಟ್ಟಿಗೆಯ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ ಹತ್ತುತ್ತಿತ್ತು. ಮುನ್ನೂರು ವರ್ಷದ ಹಳೆಯ ಕಟ್ಟುಗಳು ಪಕ್ಕದಲ್ಲಿಯೇ ಗಟ್ಟಿಯಾಗಿ ನಿಂತಿದ್ದುವು! ಮೈಕೇಲ್ ಫ್ಯಾರಡೇ ಎಂಬ ವಿಜ್ಞಾನಿಯ ಹೆಸರನ್ನು ನಮ್ಮ ವಿದ್ಯಾರ್ಥಿಗಳು ವಿದ್ಯುತ್ತಿನ ಪಾಠದಲ್ಲಿ ಓದುತ್ತಾರೆ. ಆತ 14ನೆಯ ವಯಸ್ಸಿನಿಂದ ಏಳು ವರ್ಷ ಪುಸ್ತಕ ಕಟ್ಟುವವನ ಬಳಿ ಕಸುಬು ಕಲಿತವನೆಂಬುದು ಎಷ್ಟು ಮಂದಿಗೆ ಗೊತ್ತು? 1843ರಷ್ಟು ಹಿಂದೆಯೇ ಲಂಡನ್ನಿನ ಅಥೀನಿಯಂ ಎಂಬ ಸಂಘದ ಪುಸ್ತಕಗಳು ಕೆಡುತ್ತಿರುವುದಕ್ಕೆ ಗ್ಯಾಸ್ ದೀಪಗಳ ಹೊಗೆಯೇ ಕಾರಣವೆಂದು ಆತ ತೋರಿಸಿದ್ದನು. ಆ ಹೊಗೆಯಲ್ಲಿರುವ ಗಂಧಕದ ಅಂಶ ತೊಗಲಿನೊಳಗೆ ಸೇರಿ ಗಂಧಕಾಮ್ಲವಾಗುತ್ತದೆ. ಆಮ್ಲ ತೊಗಲನ್ನು ಒಳಗಿನಿಂದ ತಿನ್ನುತ್ತದೆ.

ರೋಗ ಹೆಚ್ಚಿದಾಗ ಸೊಸೈಟಿ ಆಫ್ ಆರ್ಟ್ಸ್ ಎಂಬ ಸಂಸ್ಥೆ 1900ರಲ್ಲಿ ಗ್ರಂಥಪಾಲಕರು, ಬೈಂಡಿನವರು, ಚರ್ಮರಸಾಯನ ಬಲ್ಲ ವಿದ್ವಾಂಸರು ಕೂಡಿದ ಸಮಿತಿಯನ್ನು ನೇಮಿಸಿತು. ಅದರ ಮೊದಲ ವರದಿ 1901ರಲ್ಲಿಯೂ ಪೂರ್ಣ ವರದಿ 1905ರಲ್ಲಿಯೂ ಹೊರಬಿದ್ದುವು. ಅವರು ಕಂಡದ್ದು ಇಷ್ಟು: 1830ರ ಸುಮಾರಿನಿಂದ ತೊಗಲಿನ ಗುಣ ಇಳಿಯುತ್ತ ಬಂದು 1860ರ ಮೇಲೆ ತೀರ ಕೆಟ್ಟಿದೆ. ಗಿಡಮರಗಳ ಒಗರಿನಲ್ಲಿ ಎರಡು ಕುಲಗಳಿವೆ. ಸುಮಾಕ್ ಎಂಬ ಗಿಡದ ಎಲೆ, ಮಾಚಿಕಾಯಿ, ಅಳಲೆಕಾಯಿ ಇವುಗಳದು ಒಂದು ಕುಲ. ಇವುಗಳಿಂದ ಹದವಾದ ತೊಗಲು ಬೆಳಕು ಹೊಗೆಗಳನ್ನು ತಾಳಿಕೊಳ್ಳುತ್ತದೆ. ತಂಗಡಿ ತೊಗಟೆ ಸೇರಿದ ಇನ್ನೊಂದು ಕುಲದ ಒಗರು ಗಂಧಕವನ್ನು ಹೀರಿಕೊಂಡು ಕೂರುತ್ತದೆ. ಪರ್ಷಿಯನ್ ತೊಗಲಿನ ವಿಷಯದಲ್ಲಿ ಸಮಿತಿಯ ತೀರ್ಪು ಕಠೋರವಾಗಿತ್ತು. ಅಂತಹ ಪುಸ್ತಕ ಒಂದು ವರ್ಷದೊಳಗೇ ಕೆಡತೊಡಗಿದುದು ಕಂಡುಬಂದಿದೆ. ಬಿಸಿಲು ಅಥವಾ ಗ್ಯಾಸಿನ ಹೊಗೆ ತಗಲುವ ಕಪಾಟಿನಲ್ಲಿ ಐದಾರು ವರ್ಷಕ್ಕಿಂತ ಹೆಚ್ಚು ಬಾಳಲಾರದು ಎಂದರು.

ತೀರ್ಪು ಸತ್ಯವೇ. ರಸಾಯನಶಾಸ್ತ್ರ ಅದನ್ನು ಅಲ್ಲಗಳೆದಿಲ್ಲ. ಆದರೆ ಅದೇ ವರದಿಯ ಮಿಕ್ಕ ಭಾಗವನ್ನು ಓದಿದರೆ ದೋಷ ತಂಗಡಿಯೊಂದರ ಮೇಲೆಯೇ ಬೀಳುವುದಿಲ್ಲ. ಬಣ್ಣ ಹೊಳೆಯಲೆಂದು ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ತೊಗಲಿಗೆ ಗಂಧಕಾಮ್ಲವನ್ನು ಬೆರೆಸುತ್ತಿದ್ದರು. ಮಡಿಸಲು ಸುಲಭವಾಗಲೆಂದು ತೊಗಲನ್ನು ಕಾಗದದಷ್ಟು ತೆಳುವಾಗಿ ಕೆರೆಯುತ್ತಿದ್ದರು. ಕುರಿತೊಗಲಿನ ಮೇಲೆ ಯಂತ್ರದಿಂದ ಆಡಿನ ಹರಳನ್ನು ಒತ್ತಿ ಮೊರಾಕ್ಕೊ ಎಂದು ಮಾರುತ್ತಿದ್ದರು. ಇವೆಲ್ಲವನ್ನೂ ಸಮಿತಿ ಖಂಡಿಸಿದೆ. ನಮ್ಮ ಹದಗಾರ ತನ್ನ ತೊಗಲು ಯಾವ ಕೆಲಸಕ್ಕೆ ಹೋಗುತ್ತದೆಂದು ಕೇಳಿದವನಲ್ಲ, ಅವನಿಗೆ ಹೇಳಿದವರೂ ಇಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮದರಾಸಿನ ತೊಗಲು ಬ್ರಿಟಿಷ್ ಸೈನಿಕರ ಬೂಟುಗಳಿಗೆ ಮೇಲ್ತೊಗಲಾಗಿ ಸಲ್ಲಿತು. ಸರ್ಕಾರವೇ ಅದಕ್ಕಾಗಿ ಕೊಂಡಿತು. ವರ್ಷ ಎರಡು ವರ್ಷ ತುಳಿದು ಸವೆಸುವ ಬೂಟಿಗೆ ಯೋಗ್ಯವಾದುದನ್ನು ನೂರು ವರ್ಷ ನಿಲ್ಲಬೇಕಾದ ಪುಸ್ತಕಕ್ಕೆ ಆರಿಸಿದವರು ಯಾರು? ನಮ್ಮ ಅಭಿಪ್ರಾಯದಲ್ಲಿ ಆಪಾದನೆಯ ಹೆಚ್ಚಿನ ಪಾಲು ಆರಿಸಿದವರಿಗೇ ಸಲ್ಲತಕ್ಕದ್ದು. ಸಮಿತಿ ಒಳ್ಳೆಯದೆಂದ ಅಳಲೆಕಾಯಿಯೂ ನಮ್ಮ ಕಾಡಿನದೇ. ಅದೂ ಮೂಟೆಗಟ್ಟಲೆ ಯುರೋಪಿಗೆ ಹೋಗುತ್ತಿತ್ತು. ಹೌಸಾ ಜನರ ಕರಿಜಾಲಿಯೂ ನಮ್ಮಲ್ಲಿ ಇದ್ದೇ ಇದೆ. ನಾಡಿನ ಕೊರತೆಯಲ್ಲ, ಅಗ್ಗದ ಬೆಲೆಯ ಆತುರ.

ಈ ವಿಚಾರಣೆಯಲ್ಲಿ ಶ್ರಮವಹಿಸಿದವರಲ್ಲಿ ಡಗ್ಲಸ್ ಕಾಕರೆಲ್ ಎಂಬ ಬೈಂಡಿನ ಕಲಾವಿದನೂ ಒಬ್ಬ. ಆತ 1901ರಲ್ಲಿ ಪ್ರಕಟಿಸಿದ ಕೈಪಿಡಿ ಕಸುಬಿನವರಿಗೆಲ್ಲ ಪಾಠಪುಸ್ತಕವಾಯಿತು. ನಾಲ್ಕನೆಯ ಶತಮಾನದ ಗ್ರೀಕ್ ಬೈಬಲ್ಲಾದ ಕೋಡೆಕ್ಸ್ ಸಿನಾಯಿಟಿಕಸ್ಸನ್ನು ಬ್ರಿಟಿಷ್ ಮ್ಯೂಸಿಯಂ 1933ರಲ್ಲಿ ಸೋವಿಯತ್ ಸರ್ಕಾರದಿಂದ ಒಂದು ಲಕ್ಷ ಪೌಂಡಿಗೆ ಕೊಂಡಾಗ, 1935ರಲ್ಲಿ ಅದನ್ನು ಕಟ್ಟುವ ಭಾರವನ್ನು ಈತನಿಗೇ ಒಪ್ಪಿಸಿದರು.

ಕನ್ನಡ ಬೈಬಲ್ಲಿನ ಚರಿತ್ರೆಯೂ ಇದೇ ಗಡಿಯ ನೆಲದಲ್ಲಿ ಮೊದಲಾಗುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದನು. ಆದವಾನಿ, ರಾಯದುರ್ಗಗಳು 1953ರವರೆಗೂ ಆ ಜಿಲ್ಲೆಗೇ ಸೇರಿದ್ದುವು. ಅವನ ದುಡಿಮೆಯಿಂದ ಹೊಸ ಒಡಂಬಡಿಕೆ 1823ರಲ್ಲಿಯೂ ಸಂಪೂರ್ಣ ಬೈಬಲ್ಲು 1831ರಲ್ಲಿಯೂ ಕನ್ನಡದಲ್ಲಿ ಬಂದುವು. ಪಶ್ಚಿಮದಲ್ಲಿ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದರು. ಬೈಂಡಿನ ಶಾಲೆಯನ್ನೂ ನಡೆಸಿದರು. ಕಾಸರಗೋಡು ಆಗ ಅದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು, 1956ರವರೆಗೂ. ಆ ಕರಾವಳಿಯ ಹವೆಯಲ್ಲಿ ತೊಗಲಿನ ಶತ್ರು ಗ್ಯಾಸಿನ ದೀಪವಲ್ಲ, ಮಳೆಗಾಲದ ಬೂಷ್ಟು, ಜಿರಲೆ, ಗೆದ್ದಲು. ಅಂಟಿನಲ್ಲಿರುವ ಹಿಟ್ಟಿಗಾಗಿ ಜಿರಲೆ ಬಟ್ಟೆಯ ರಟ್ಟನ್ನೂ ಬಿಡುವುದಿಲ್ಲ. ಹೀಗಿರಲು ಕಾಸರಗೋಡಿನ ಮನೆಗೆ ಒಪ್ಪುವ ಕಟ್ಟು ಬೇರೆ, ಸೊಲ್ಲಾಪುರದ ಒಣಹವೆಯ ಮನೆಗೆ ಒಪ್ಪುವುದು ಬೇರೆ. ಇಂಗ್ಲೆಂಡಿನ ಕೈಪಿಡಿಗಳು ಈ ಮಾತನ್ನು ಹೇಳುವುದಿಲ್ಲ.

ಈಗಲೂ ಮದುವೆಗೋ ದೀಕ್ಷೆಗೋ ಉಡುಗೊರೆಯಾಗಿ ತೊಗಲುಕಟ್ಟಿನ ಬೈಬಲ್ಲನ್ನು ಕೊಳ್ಳುವವರು ಇದ್ದಾರೆ. ಅವರಿಗೆ ಮೇಲಿನ ಇತಿಹಾಸದಿಂದ ಸಿಗುವ ಉಪಯೋಗ ಇಲ್ಲದಿಲ್ಲ. ಪೆಟ್ಟಿಗೆಯ ಮೇಲೆ 'ಬಾಂಡೆಡ್ ಲೆದರ್' ಎಂದಿದ್ದರೆ ಅದು ತೊಗಲಿನ ಚೂರುಪುಡಿಯನ್ನು ಅಂಟಿನಿಂದ ಕಲಸಿ ಹಾಳೆ ಮಾಡಿದ್ದು. ಮಡಿಕೆಯಲ್ಲಿ ಬೇಗ ಬಿರಿಯುತ್ತದೆ. 'ಜೆನ್ಯುಯಿನ್ ಲೆದರ್' ಎಂಬ ಮಾತು ಗಂಭೀರವಾಗಿ ಕೇಳಿದರೂ ಯಾವ ಪ್ರಾಣಿಯದೆಂದು ಹೇಳದೆ ಜಾರಿಕೊಳ್ಳುತ್ತದೆ. ಎಷ್ಟೋ ಸಲ ಅದು ಹರಳು ಒತ್ತಿದ ಹಂದಿತೊಗಲು. ಕರುವಿನ ತೊಗಲು, ಆಡಿನ ತೊಗಲು ಎಂದು ಬಾಯಿಬಿಟ್ಟು ಹೇಳಿದವನಲ್ಲಿ ನಂಬಿಕೆ ಇಡಬಹುದು. ಆಡಿನ ನಿಜವಾದ ತೊಗಲಿನಲ್ಲಿ ಹರಳು ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ, ಬೆನ್ನಿನ ಭಾಗದಲ್ಲಿ ಒತ್ತು, ಹೊಟ್ಟೆಯ ಕಡೆ ಸಡಿಲ. ಅಚ್ಚುಕಟ್ಟಾಗಿ ಒಂದೇ ಸಮ ಇದ್ದರೆ ಅನುಮಾನಿಸಬೇಕು.

ತೊಗಲಿಗಿಂತ ಮುಖ್ಯವಾದುದು ಕಣ್ಣಿಗೆ ಕಾಣದ ಹೊಲಿಗೆ. ಪುಸ್ತಕವನ್ನು ಮುಚ್ಚಿ ತಲೆಯ ಕಡೆಯಿಂದ ಬೆನ್ನನ್ನು ನೋಡಿದರೆ ಮಡಿಸಿದ ಹಾಳೆಗಳ ಸಣ್ಣ ಸಣ್ಣ ಕಟ್ಟುಗಳು ಬಿಲ್ಲಿನಂತೆ ಬಾಗಿ ಕಾಣಬೇಕು. ಒಂದೊಂದು ಕಟ್ಟಿನ ನಡುವೆ ತೆರೆದರೆ ದಾರ ಕಾಣಬೇಕು. ಬಿಡಿ ಹಾಳೆಗಳ ಬೆನ್ನಿಗೆ ಅಂಟು ಬಳಿದು ನಿಲ್ಲಿಸಿದ್ದರೆ ಮೇಲೆ ಚಿನ್ನದ ತೊಗಲಿದ್ದರೂ ವ್ಯರ್ಥ. ಅಮೆರಿಕದ ಡೇವಿಡ್ ಸ್ಮಿತ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಲಿಗೆಯ ಯಂತ್ರ ಕಂಡುಹಿಡಿದ ಮೇಲೆ ಈ ಕೆಲಸ ಕೈಯಿಂದ ಯಂತ್ರಕ್ಕೆ ಹೋಯಿತು. ಯಂತ್ರದ್ದಾದರೂ ದಾರದ ಹೊಲಿಗೆ ಹೊಲಿಗೆಯೇ. ಮೇಜಿನ ಮೇಲೆ ಇಟ್ಟು ಆದಿಕಾಂಡದ ಮೊದಲ ಅಧ್ಯಾಯವನ್ನು ತೆರೆದು ಕೈಬಿಟ್ಟರೆ ಪುಸ್ತಕ ತೆರೆದಂತೆಯೇ ಮಲಗಬೇಕು. ನಡುಮಧ್ಯ ಎಂತಹ ಪುಸ್ತಕವಾದರೂ ಮಲಗುತ್ತದೆ, ಆದುದರಿಂದ ಅಂಗಡಿಯವನು ನಡುಮಧ್ಯವನ್ನೇ ತೆರೆದು ತೋರಿಸುತ್ತಾನೆ! ಒಂದು ಹಾಳೆಯ ಹಿಂದೆ ಬೆರಳು ಇಟ್ಟು ಹಿಂಬದಿಯ ಅಕ್ಷರ ಎಷ್ಟು ತೋರುತ್ತದೆಂದು ನೋಡುವುದು ಕಾಗದದ ಪರೀಕ್ಷೆ. ಕೊಂಡ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನಲ್ಲಿ ಇಡುವುದಕ್ಕಿಂತ ದಿನವೂ ಕೈಯಾಡಿಸುವುದು ಮೇಲು. ಬೂಷ್ಟು ಹಿಡಿಯುವುದು ಮುಚ್ಚಿಟ್ಟ ಪುಸ್ತಕಕ್ಕೇ.

ಪರ್ಷಿಯನ್ ಎಂಬ ಹೆಸರು ಈಗ ವ್ಯಾಪಾರದಲ್ಲಿ ಅಳಿದುಹೋಗಿದೆ. ಮದರಾಸಿನ ಕಾರ್ಖಾನೆಗಳಲ್ಲಿ ತಂಗಡಿಯ ಜಾಗಕ್ಕೆ ಮೊದಲು ದಕ್ಷಿಣ ಆಫ್ರಿಕದಿಂದ ತರಿಸಿದ ವ್ಯಾಟಲ್ ತೊಗಟೆ ಬಂದಿತು. ನೀಲಗಿರಿಯಲ್ಲಿಯೂ ಆ ಮರವನ್ನು ನೆಟ್ಟರು. ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸಿನಲ್ಲಿ ಕ್ರೋಮಿನಿಂದ ಹದಮಾಡುವ ಕ್ರಮವನ್ನು ತಂದನು. 1912ರಲ್ಲಿ ಆತನೇ ಮೈಸೂರಿನ ಕೈಗಾರಿಕಾ ಇಲಾಖೆಗೆ ಬಂದನು. ಕ್ರೋಮಿನ ತೊಗಲು ಕೆಂಪು ಪುಡಿಯಾಗುವುದಿಲ್ಲ. ತೊಗಟೆಗಾಗಿ ತಂಗಡಿಯನ್ನು ಕಡಿದು ಹೊರೆಕಟ್ಟಿ ಸಂತೆಗೆ ತರುತ್ತಿದ್ದ ಕಾಲ ಕಳೆದು, ಗಿಡಗಳು ರಾಯದುರ್ಗದ ದಾರಿಯಲ್ಲಿ ತಮ್ಮ ಪಾಡಿಗೆ ಹೂ ಬಿಡುತ್ತಿವೆ. ಅಲ್ಲಿ ಮೇಯುವ ಆಡುಗಳೂ ಆ ಒಗರು ಸೊಪ್ಪಿಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.